ಪಾರಿವಾಳ ಬಣ್ಣದ ಕಮಾನು

ಗಜೇಂದ್ರಗಡ
೯ ಆಗಸ್ಟ್ ೧೯೫೫

ಚಿರಂಜೀವಿ ಮೈಲಾರಪ್ಪನಿಗೆ ನಿನ್ನ ಸೋದರಮಾವ ದ್ಯಾವಪ್ಪನ ಆಶೀರ್ವಾದ.

ಮೊದಲು ಮನೆಯವರ ಆರೋಗ್ಯ ತಿಳಿಸು, ಮೋಟಾರಿನದು ಆಮೇಲೆ. ತಂಗಿ ಬಾಳವ್ವನ ಮೊಣಕಾಲು ಈ ಮಳೆಗೆ ಮತ್ತೆ ಹಿಡಿದುಕೊಂಡಿತೇ? ನಿನ್ನ ಹೆಂಡತಿ ಸುಶೀಲವ್ವನ ಕೆಮ್ಮು ಹೋಯಿತೇ? ಕೂಸು ತಿಪ್ಪವ್ವನ ಕಿವಿ ಸೋರುವುದು ನಿಂತಿತೇ? ಕಂಡಕಂಡವರ ಮಾತು ಕೇಳಿ ಕಿವಿಗೆ ಎಣ್ಣೆ ಬಿಡಬೇಡಿರಿ, ದವಾಖಾನೆಗೆ ತೋರಿಸಿರಿ. ಇಲ್ಲಿ ನಿನ್ನ ಅತ್ತಿ ಹೊನ್ನವ್ವ ಗಟ್ಟಿಯಾಗಿದ್ದಾಳೆ. ನೇಕಾರರ ಮನೆಯಿಂದ ಬಣ್ಣದ ನೂಲು ತಂದು ಕುಲುಮೆಯ ಬಾಗಿಲಲ್ಲಿ ಕುಳಿತು ಕಂಡಿಕೆ ಸುತ್ತುತ್ತಾಳೆ, ಸುತ್ತುತ್ತಲೇ ನನ್ನನ್ನು ಬೈಯುತ್ತಾಳೆ. ಬೈಯದ ದಿನ ನಾನೇ ಹೋಗಿ ಹಣೆ ಮುಟ್ಟಿ ನೋಡುತ್ತೇನೆ, ಜ್ವರ ಬಂದಿದೆಯೋ ಏನೋ ಎಂದು.

ನಿನ್ನ ಕಾಗದ ಮುಟ್ಟಿತು. ಕೊಣ್ಣೂರು ಸೇತುವೆಯ ಇಳಿಜಾರಿನಲ್ಲಿ ಪಿಕಪ್ಪಿನ ಹಿಂದಿನ ಗಾಲಿಯ ಕಮಾನು, ಅದೇ ನೀವು ಸ್ಪ್ರಿಂಗು ಅನ್ನುವುದು, ಎರಡು ತುಂಡಾಯಿತೆಂದೂ, ಜಾಲಿಯ ತೊಲೆ ಕಟ್ಟಿಕೊಂಡು ಕುಂಟುತ್ತ ನರಗುಂದ ಸೇರಿದೆಯೆಂದೂ ತಿಳಿಯಿತು. ನಿನಗೆ ಏನೂ ಆಗಲಿಲ್ಲವಲ್ಲ, ಅದು ದೊಡ್ಡದು. ಆದರೆ ಹುಬ್ಬಳ್ಳಿಯ ಮಿಸ್ತ್ರಿಯೊಬ್ಬ ಹೇಳಿದನೆಂದು ಬರೆದೆಯಲ್ಲ, ಆ ಸಾಲನ್ನು ಮೂರು ಸಲ ಓದಿದೆ. "ಹೊಸಾ ಕಮಾನು ಮುಂಬಯಿಯಿಂದ ಬರಬೇಕು, ನಾಕ್ ತಿಂಗಳ ಹಿಡೀತೈತಿ. ಹಳ್ಯಾಗಿನ ಕಂಬಾರರಿಗೆ ಕುರ್ಪಿ ಬಡಿಯಾಕ ಹೇಳು, ಮೋಟಾರ್ ಮುಟ್ಟಾಕ ಹೇಳಬ್ಯಾಡ." ಹೊನ್ನವ್ವನಿಗೂ ಓದಿ ಹೇಳಿದೆ. ಆಕೆ ಕಂಡಿಕೆ ಕೆಳಗಿಟ್ಟು, "ಅಂವಗ ಕುರ್ಪಿನಾರ ಬಡಿಯಾಕ ಬರತೈತೇನು?" ಎಂದಳು.

ನಲವತ್ತು ವರ್ಷ ಟಾಂಗಾದ ಕಮಾನು ಬಡಿದ ಕೈ ಇದು. ನಾನು ಸಾಲಿಗೆ ಹೋದವನಲ್ಲ. ಅಂಗಡಿಯವರು ಬಿಸಾಡಿದ ಚೀಟಿ ನೋಡಿ ಅಕ್ಷರ ಕಲಿತೆ, ಮುರಿದ ಕಮಾನು ಬಿಚ್ಚಿ ಕಮಾನು ಕಲಿತೆ. ನಿನ್ನದನ್ನು ನಾನು ಮಾಡುತ್ತೇನೆ.

ಮುರಿದ ತುಂಡುಗಳನ್ನೆಲ್ಲ ಬಸ್ಸಿನ ಮೇಲೆ ಹಾಕಿ ರೋಣದ ಟಾಂಗಾದ ಮುರ್ತುಜಾಸಾಬನಿಗೆ ಮುಟ್ಟಿಸು, ಅವನು ನನಗೆ ತಲುಪಿಸುತ್ತಾನೆ. ಈ ಲಕೋಟೆಯಲ್ಲಿ ಹೊನ್ನವ್ವ ಎರಡು ನೂಲು ಇಟ್ಟಿದ್ದಾಳೆ. ಕೆಂಪು ನೂಲಿನಲ್ಲಿ ಕಮಾನಿನ ಈ ತುದಿಯ ಕಣ್ಣಿನಿಂದ ಆ ತುದಿಯ ಕಣ್ಣಿನ ತನಕ ಅಳೆದು ಗಂಟು ಹಾಕು. ಹಸಿರು ನೂಲಿನಲ್ಲಿ ಹಿಂದಿನ ಗಾಲಿಯ ಅಚ್ಚಿನಿಂದ ಮೇಲೆ ಸಾಮಾನು ಹೇರುವ ತೊಟ್ಟಿಯ ತನಕ ಎತ್ತರ ಅಳೆದು ಗಂಟು ಹಾಕು, ಮುರಿಯದ ಬದಿಯಲ್ಲಿ. ಫೂಟುಪಟ್ಟಿ ಬೇಡ. ಎಲ್ಲರ ಫೂಟುಪಟ್ಟಿಯ ತುದಿಯೂ ಸವೆದಿರುತ್ತದೆ, ನೂಲು ಸುಳ್ಳು ಹೇಳುವುದಿಲ್ಲ.

ಇನ್ನು ಮೂರು ಮಾತು ಖರೇ ಖರೇ ಬರೆ. ಏನು ಹೇರುತ್ತೀ? ಎಂಥ ರಸ್ತೆ? ಎಷ್ಟು ಜೋರಾಗಿ ಓಡಿಸುತ್ತೀ?

ನಿನ್ನ ಮಾವ,
ದ್ಯಾವಪ್ಪ


ನರಗುಂದ
೧೭ ಆಗಸ್ಟ್ ೧೯೫೫

ತೀರ್ಥರೂಪರಾದ ಮಾವನವರಿಗೆ ಮೈಲಾರಪ್ಪನ ನಮಸ್ಕಾರಗಳು.

ಎಲ್ಲರೂ ಆರಾಮ ಇದ್ದೇವೆ. ಅವ್ವನ ಮೊಣಕಾಲು ಹಾಗೆಯೇ ಇದೆ, ಕೂಸಿನ ಕಿವಿ ನಿಂತಿತು. ನೀವು ಕಮಾನು ಮಾಡುತ್ತೀರೆಂದು ಓದಿದಾಗ ಅವ್ವ ಓಣಿಯವರಿಗೆಲ್ಲ ಹೇಳಿಬಂದಳು. ಸುಶೀಲಾ, "ಅತ್ತಿ, ಇನ್ನೂ ಮಾಡಿಲ್ಲರಿ, ಮಾಡತೇನಿ ಅಂತ ಬರದಾರ" ಎಂದಳು. ಅದಕ್ಕೆ ಅವ್ವ, "ನಮ್ಮಣ್ಣ ಮಾಡತೇನಿ ಅಂದ್ರ ಮಾಡಿದಂಗ" ಎಂದಳು.

ನೂಲಿನಲ್ಲಿ ಗಂಟು ಹಾಕಿದ್ದೇನೆ. ನಿಮ್ಮ ಪ್ರಶ್ನೆಗಳಿಗೆ ಉತ್ತರ ಇದು. ಹೇರುವುದು ಕೊಣ್ಣೂರಿನ ಪೇರಲ ಹಣ್ಣು, ನಲವತ್ತು ಬುಟ್ಟಿ. ಇಲ್ಲಿಯ ಸಾಹುಕಾರರಾದ ಪ್ರಭುಲಿಂಗಪ್ಪನವರು ಅಲ್ಲಿಯ ತೋಟಗಳನ್ನು ಗುತ್ತಿಗೆ ಹಿಡಿದಿದ್ದಾರೆ. ಮುಂಜಾನೆ ಗಿಡದಿಂದ ಹರಿದ ಹಣ್ಣು ಹುಬ್ಬಳ್ಳಿಯ ಪೇಟೆಗೆ ಹರಾಜಿನ ಸವಾಲು ಕೂಗುವ ಮೊದಲೇ ಮುಟ್ಟಬೇಕು, ಒಂದೂ ಜಜ್ಜಿರಬಾರದು. ಸಾಹುಕಾರರು ಮುಖದ ಮೇಲೆಯೇ ಹೇಳಿದರು: "ಮೈಲಾರಿ, ನನಗ ಹಣ್ಣು ಒಯ್ಯಾಂವಾ ಬೇಕು. ಹಣ್ಣಿನ ಚಟ್ನಿ ಒಯ್ಯಾಂವಾ ಭಾಳ ಮಂದಿ ಅದಾರ." ಲಾರಿ ನಿಧಾನ, ಅದಕ್ಕೇ ನನ್ನ ಪಿಕಪ್ಪಿನ ಮೇಲೆ ಅವರ ಕಣ್ಣು. ದಸರೆಯ ಮುಂಚಿನಿಂದ ಸಂಕ್ರಾಂತಿಯ ತನಕ ಇದೇ ಕೆಲಸ. ಇದು ತಪ್ಪಿದರೆ ಪಿಕಪ್ಪನ್ನು ಮಾರಿ ಇನ್ನೊಬ್ಬರ ಲಾರಿಯ ಹಿಂದೆ ನಿಲ್ಲಬೇಕಾಗುತ್ತದೆ. ಹೋಗುವಾಗ ತುಂಬಿದ ಗಾಡಿ, ಬರುವಾಗ ಖಾಲಿ.

ರಸ್ತೆ ನಿಮಗೆ ಗೊತ್ತು, ಎರೆಮಣ್ಣಿನ ಮೇಲೆ ಕಲ್ಲು ಸುರಿದದ್ದು. ವೇಗ ತಾಸಿಗೆ ಇಪ್ಪತ್ತು ಮೈಲಿ, ಅದಕ್ಕಿಂತ ಹೆಚ್ಚಿಲ್ಲ.

ಇನ್ನೊಂದು. ಈ ಗಾಡಿ ಲಡಾಯಿಯ ಕಾಲದ್ದು. ಹಿಂದೆ ಜಿಗಿತ ತಡೆಯಲು ಎರಡು ಎಣ್ಣೆಯ ಕೊಳವೆ ಇರಬೇಕಿತ್ತಂತೆ. ನಾನು ಕೊಳ್ಳುವ ಮೊದಲೇ ಯಾರೋ ಬಿಚ್ಚಿಕೊಂಡಿದ್ದಾರೆ. ಅವು ಇಲ್ಲದೆ ನಡೆಯುತ್ತದೆಯೇ?

ನಿಮ್ಮ ಅಳಿಯ,
ಮೈಲಾರಪ್ಪ


ಗಜೇಂದ್ರಗಡ
೧೪ ಸಪ್ಟೆಂಬರ್ ೧೯೫೫

ಚಿ. ಮೈಲಾರಪ್ಪನಿಗೆ ಆಶೀರ್ವಾದ.

ಕಮಾನು ಆಯಿತು! ಒಂದಲ್ಲ, ಎರಡೂ ಬದಿಯವು. ಒಂದು ಕಾಲಿಗೆ ಹೊಸ ಮೆಟ್ಟು, ಇನ್ನೊಂದಕ್ಕೆ ಹಳೆಯದು ಹಾಕಿಕೊಂಡು ಯಾರು ನಡೆಯುತ್ತಾರೆ? ಬರುವ ಸೋಮವಾರ ಮುರ್ತುಜಾಸಾಬ ರೋಣದಲ್ಲಿ ಬಸ್ಸಿಗೆ ಹಾಕುತ್ತಾನೆ. ಇಳಿಸಿಕೊಳ್ಳಲು ಇಬ್ಬರು ಬರ್ರಿ, ತೂಕ ಇವೆ.

ಹೇಗೆ ಮಾಡಿದೆ ಎಂಬುದನ್ನು ಬರೆಯದಿದ್ದರೆ ನನ್ನ ಹೊಟ್ಟೆ ಉಬ್ಬುತ್ತದೆ, ಅದಕ್ಕೇ ಬರೆಯುತ್ತೇನೆ. ನಿನ್ನ ಹಳೆಯ ಕಮಾನಿನಲ್ಲಿ ಒಂಬತ್ತು ಪಟ್ಟಿ, ಒಂಬತ್ತೂ ಬಿರುಸು. ಲಡಾಯಿಯಲ್ಲಿ ಗುಂಡಿನ ಪೆಟ್ಟಿಗೆ ಹೊರಲು ಮಾಡಿದ್ದು, ಪೇರಲ ಹೊರಲು ಅಲ್ಲ. ಇಡೀ ಕಮಾನನ್ನು ಮೆತ್ತಗೆ ಮಾಡಿದರೆ ನಲವತ್ತು ಬುಟ್ಟಿಗೆ ನೆಲಕ್ಕೆ ಕೂಡುತ್ತದೆ. ಬಿರುಸು ಮಾಡಿದರೆ ಹಣ್ಣು ಜಜ್ಜುತ್ತದೆ, ಖಾಲಿ ಬರುವಾಗ ನಿನ್ನ ಹಲ್ಲು ಉದುರುತ್ತವೆ. ಮೂರು ದಿನ ಕಬ್ಬಿಣ ಬಡಿಯುವ ಅಡಿಗಲ್ಲಿನ ಮುಂದೆ ಸುಮ್ಮನೆ ಕುಳಿತಿದ್ದೆ. ನಾಲ್ಕನೆಯ ದಿನ ಮುರ್ತುಜಾಸಾಬ ಹಳೆಯ ಟಾಂಗಾದ ಕಮಾನುಗಳನ್ನೂ ಒಂದಿಷ್ಟು ಲಾರಿಯ ಪಟ್ಟಿಗಳನ್ನೂ ತಂದು ಸುರಿದ. ಎರಡನ್ನೂ ಒಟ್ಟಿಗೆ ನೋಡಿದ ಕೂಡಲೇ ಹೊಳೆಯಿತು.

ಮೇಲೆ ಆರು ಪಟ್ಟಿ, ಟಾಂಗಾದವು, ತೆಳುವಾದವು, ಉದ್ದನೆಯವು. ಕೆಳಗೆ ಮೂರು ಪಟ್ಟಿ, ಲಾರಿಯವು, ದಪ್ಪ, ಗಿಡ್ಡ. ಎರಡರ ನಡುವೆ ತುದಿಗಳಲ್ಲಿ ಒಂದು ಬೆರಳಿನಷ್ಟು ಬಿಡುವು. ಗಾಡಿ ಖಾಲಿ ಇದ್ದಾಗ ಮೇಲಿನ ಆರೇ ಕೆಲಸ ಮಾಡುತ್ತವೆ, ಕೆಳಗಿನ ಮೂರು ಮಲಗಿರುತ್ತವೆ. ಬುಟ್ಟಿ ಹೇರಿದ ಮೇಲೆ ಮೇಲಿನವು ಬಗ್ಗಿ ಕೆಳಗಿನವನ್ನು ಎಬ್ಬಿಸುತ್ತವೆ.

ಮುರ್ತುಜಾಸಾಬ ನೋಡಿ ನಕ್ಕ. "ದ್ಯಾವಪ್ಪಣ್ಣಾ, ಕುದರಿ ಕಮಾನು ಮೋಟಾರಿಗೆ ಹಾಕಿದ್ರ ನಾಳೆ ಮೋಟಾರು ಹುಲ್ಲು ಕೇಳತೈತಿ."

"ಕೇಳಲಿ ಬಿಡೋ ಸಾಬ. ನಮ್ಮ ಅಳಿಯ ಪೇರಲ ತಿನಸ್ತಾನ," ಎಂದೆ.

ಕಾಸಿ ಕೆಂಪಾದ ಪಟ್ಟಿಯನ್ನು ಅದ್ದಿ ಕುಸುಬೆ ಎಣ್ಣೆ ಕುಡಿಸಿದೆ, ಆಮೇಲೆ ಮತ್ತೆ ಸಣ್ಣ ಬೆಂಕಿಗೆ ಹಿಡಿದು ಹದ ತೆಗೆದೆ. ಹದ ಎಂದರೆ ಬಣ್ಣ. ಮೊದಲು ಜೋಳದ ದಂಟಿನ ಹಳದಿ, ಆಮೇಲೆ ಬೆಲ್ಲ, ಆಮೇಲೆ ಬದನೆಕಾಯಿ, ಅದಾದ ಮೇಲೆ ಒಂದು ಕ್ಷಣ ಪಾರಿವಾಳದ ಕೊರಳಿನ ನೀಲಿ. ಅಲ್ಲಿ ನಿಲ್ಲಿಸಬೇಕು. ಮೊದಲೇ ನಿಲ್ಲಿಸಿದರೆ ಮುರಿಯುತ್ತದೆ, ತಡ ಮಾಡಿದರೆ ಬಗ್ಗಿ ಹಾಗೆಯೇ ಉಳಿಯುತ್ತದೆ. ಹದಿನೆಂಟು ಪಟ್ಟಿ, ಹದಿನೆಂಟೂ ಪಾರಿವಾಳ! ನಿನ್ನ ಅತ್ತಿ ಬಾಗಿಲಲ್ಲಿಯೇ ಕುಳಿತಿದ್ದಳು, ಬೇಕಾದರೆ ಕೇಳು.

ಕೊಳವೆ ಇಲ್ಲವೆಂದು ಚಿಂತೆ ಮಾಡಬೇಡ. ಅದರ ಕೆಲಸವನ್ನೂ ಈ ಕಮಾನೇ ಮಾಡುತ್ತದೆ. ಹೇಗೆ ಎಂಬುದು ನನ್ನ ಗುಟ್ಟು, ಅದನ್ನು ಬರೆಯುವುದಿಲ್ಲ. ನನ್ನ ಕಾಗದವನ್ನು ಸಾಹುಕಾರರ ಅಂಗಡಿಯ ಕಟ್ಟೆಯ ಮೇಲೆ ಓದುತ್ತಾರೆ ಎಂದು ನನಗೆ ಗೊತ್ತು, ಹುಬ್ಬಳ್ಳಿಯ ಮಿಸ್ತ್ರಿಯ ಕಿವಿಗೆ ಬೀಳುವುದು ಬೇಡ. ನಾನು ಕಟ್ಟಿದ ಹಾಗೆಯೇ ಕೂಡಿಸು, ಏನೂ ಬಿಚ್ಚಬೇಡ. ಪಟ್ಟಿಗಳನ್ನು ಬಿಗಿದ ಕಬ್ಬಿಣದ ಬಿಲ್ಲೆಯ ಮೇಲೆ 'ದ್ಯಾ' ಎಂದು ಒತ್ತಿದ್ದೇನೆ. ಟಾಂಗಾದ ಕಾಲದಿಂದ ಅದು ನನ್ನ ಗುರುತು.

ಓಡಿಸಿ ನೋಡಿ ಲಗೂ ಬರೆ.

ದ್ಯಾವಪ್ಪ


ನರಗುಂದ
೩೦ ಸಪ್ಟೆಂಬರ್ ೧೯೫೫

ಮಾವನವರಿಗೆ ನಮಸ್ಕಾರಗಳು.

ಏನೆಂದು ಬರೆಯಲಿ? ಗಾಡಿ ನಡೆಯುವುದಿಲ್ಲ, ತೇಲುತ್ತದೆ. ಮೊದಲ ಹಣ್ಣು ನಲವತ್ತು ಬುಟ್ಟಿ ಒಯ್ದೆ, ಹುಬ್ಬಳ್ಳಿಯಲ್ಲಿ ಬುಟ್ಟಿ ಬಿಚ್ಚಿದಾಗ ಸಾಹುಕಾರರು ಒಂದೊಂದೇ ಹಣ್ಣು ತಿರುಗಿಸಿ ನೋಡಿದರು. ತಿರುಗಿಸಿ ಸಾಕಾಗಿ ಕಡೆಗೆ ಒಂದನ್ನು ತಿಂದರು. "ಗಿಡದಾಗ ಇದ್ದಂಗ ಐತಿ," ಎಂದರು. ಸಂಕ್ರಾಂತಿಯ ತನಕ ಕೆಲಸ ನನಗೇ ಎಂದು ಮಾತು ಕೊಟ್ಟಿದ್ದಾರೆ.

ಅವ್ವನನ್ನು ಹಿಂದಿನ ತೊಟ್ಟಿಯಲ್ಲಿ ಕೂಡಿಸಿಕೊಂಡು ಕೊಣ್ಣೂರಿನ ತನಕ ಹೋಗಿ ಬಂದೆ. ಮೊಣಕಾಲಿನ ಸಲುವಾಗಿ ಚಕ್ಕಡಿ ಹತ್ತುವುದನ್ನೂ ಬಿಟ್ಟವಳು ಆಕೆ. ಇಳಿದು, "ತೊಟ್ಟಲಾ ತೂಗಿದಂಗ ಆತೋ ಯಪ್ಪಾ," ಎಂದು ಬಿಲ್ಲೆಯ ಮೇಲಿನ ನಿಮ್ಮ ಗುರುತನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ದಸರೆಯ ಮಾನೌಮಿಯಲ್ಲಿ ಆಯುಧಗಳಿಗೆ ಮಾಡುವ ಖಂಡೇಪೂಜೆಯಲ್ಲಿ ಈ ಸಲ ಮೊದಲ ಪೂಜೆ ನಿಮ್ಮ ಕಮಾನಿಗಂತೆ.

ಮೈಲಾರಪ್ಪ


ಗಜೇಂದ್ರಗಡ
೧೦ ಅಕ್ಟೋಬರ್ ೧೯೫೫

ಚಿ. ಮೈಲಾರಪ್ಪನಿಗೆ ಆಶೀರ್ವಾದ.

ನಿನ್ನ ಕಾಗದವನ್ನು ನಾನು ಎಷ್ಟು ಮಂದಿಗೆ ಓದಿದ್ದೇನೆಂದರೆ ಮಡಿಕೆಯಲ್ಲಿ ಹರಿದಿದೆ. ಹೊನ್ನವ್ವ ಅಂಬಲಿ ಹಚ್ಚಿ ಅಂಟಿಸಿದಳು. "ಇನ್ನ ಗುಡ್ಡದ ಮ್ಯಾಲಿನ ಮಂಗ್ಯಾಗಳಿಗೆ ಓದೂದು ಉಳದೈತಿ, ಅದನ್ನೂ ಓದಿ ಬರ್ರಿ," ಎನ್ನುತ್ತಾಳೆ. ಆದರೆ ನಾನು ಓದುವಾಗ ತಾನೂ ಕಂಡಿಕೆ ನಿಲ್ಲಿಸಿ ಕೇಳುತ್ತಾಳೆ, ಅದನ್ನು ನಾನು ನೋಡಿದ್ದೇನೆ. ಅಸೂಟಿಯ ಹನಮಪ್ಪ ತನ್ನ ಚಕ್ಕಡಿಗೂ ಇಂಥದೇ ಕಮಾನು ಬೇಕೆಂದು ಬಂದಿದ್ದ. ಎತ್ತುಗಳು ಮಲಗಿಬಿಟ್ಟಾವು ಎಂದು ಹೇಳಿ ಕಳಿಸಿದೆ.

ದೀಪಾವಳಿಗೆ ನಾವಿಬ್ಬರೂ ಬರುತ್ತೇವೆ. ಮುಂದೆ ಗಾದಿಯ ಮೇಲೆ ನನ್ನನ್ನು ಕೂಡಿಸಬೇಡ, ಹಿಂದೆ ತೊಟ್ಟಿಯಲ್ಲಿಯೇ ಕೂಡುತ್ತೇನೆ. ಹುಬ್ಬಳ್ಳಿಗೆ ಹೋಗೋಣ. ಆ ಮಿಸ್ತ್ರಿಯ ಅಂಗಡಿಯ ಮುಂದೆ ಸ್ವಲ್ಪ ನಿಲ್ಲಿಸು, ನಾನೇನೂ ಮಾತಾಡುವುದಿಲ್ಲ, ಸುಮ್ಮನೆ ಇಳಿದು ಚಹಾ ಕುಡಿಯುತ್ತೇನೆ.

ದ್ಯಾವಪ್ಪ


ನರಗುಂದ
೯ ನವೆಂಬರ್ ೧೯೫೫

ಮಾವನವರಿಗೆ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ದೀಪಾವಳಿಗೆ ನೀವು ಬರುವುದು ಬೇಡವೆನಿಸುತ್ತದೆ. ರಸ್ತೆ ಕೆಟ್ಟಿದೆ, ಅವ್ವನ ಮೊಣಕಾಲೂ ನೋಯುತ್ತಿದೆ, ನನಗೂ ಕೆಲಸ ಬಹಳ. ಮುಂದೆ ನೋಡೋಣ. ಅತ್ತಿಯವರಿಗೆ ನಮಸ್ಕಾರ ತಿಳಿಸಿರಿ.

ಮೈಲಾರಪ್ಪ


ಗಜೇಂದ್ರಗಡ
೨೨ ನವೆಂಬರ್ ೧೯೫೫

ಚಿ. ಮೈಲಾರಪ್ಪನಿಗೆ ಆಶೀರ್ವಾದ.

ಹಬ್ಬ ಕಳೆಯಿತು. ನಿನ್ನ ನಾಲ್ಕು ಸಾಲಿನ ಕಾಗದ ಓದಿದಾಗ ನಾನು ತಪ್ಪು ತಿಳಿದುಕೊಂಡೆ. ಸಾಹುಕಾರರ ಸಂಗಡ ಓಡಾಡುವ ಅಳಿಯನಿಗೆ ಮಸಿ ಮೈಯ ಮಾವ ಬಂದರೆ ನಾಚಿಕೆಯೇನೋ ಎಂದುಕೊಂಡು ಎರಡು ದಿನ ಕುಲುಮೆ ಹೊತ್ತಿಸಲಿಲ್ಲ. ಮೊನ್ನೆ ಮುರ್ತುಜಾಸಾಬ ಬಂದ. ನರಗುಂದಕ್ಕೆ ಹೋಗಿದ್ದನಂತೆ. ಚಹಾ ಆರುವ ತನಕ ಕುಡಿಯದೆ ಕುಳಿತಿದ್ದ.

"ಅಣ್ಣಾ, ಹೇಳಬಾರದು, ಆದ್ರ ಹೇಳತೇನಿ. ನಿನ್ನ ಅಳಿಯನ ಗಾಡಿ ಬಾಲ ಎತ್ತಿದ ಕರುವಿನಂಗ ಜಿಗ್ಯಾಕತ್ತೈತಿ. ಒಂದು ತಗ್ಗಿಗೆ ಆರು ಸಲ."

ಆಗ ತಿಳಿಯಿತು ನೀನು ಯಾಕೆ ಬರಬೇಡ ಎಂದೆ ಎನ್ನುವುದು. ನನ್ನ ಮುಖ ಉಳಿಸಲು ನೀನು ಮುಚ್ಚಿಟ್ಟಿದ್ದೀ. ನಾನೂ ಒಂದನ್ನು ಮುಚ್ಚಿಟ್ಟಿದ್ದೇನೆ, ಈಗ ಬರೆಯುತ್ತೇನೆ.

ಎರಡು ವರ್ಷದಿಂದ ನನ್ನ ಕಣ್ಣಿಗೆ ಬಣ್ಣ ಹತ್ತುವುದಿಲ್ಲ. ಅಕ್ಷರ ಕಾಣುತ್ತವೆ, ಸುತ್ತಿಗೆ ಬೀಳುವ ಜಾಗ ಕಾಣುತ್ತದೆ. ಆದರೆ ಬೆಂಕಿಯ ಮುಂದೆ ಬೆಲ್ಲವೂ ಬದನೆಕಾಯಿಯೂ ಪಾರಿವಾಳವೂ ಒಂದರೊಳಗೊಂದು ಕಲೆಸಿಹೋಗುತ್ತವೆ. ನಿನ್ನ ಹದಿನೆಂಟು ಪಟ್ಟಿಗಳ ಹದ ನೋಡಿದವಳು ಹೊನ್ನವ್ವ. ನೂಲಿನ ಬಣ್ಣ ನೋಡಿ ನೋಡಿ ಆಕೆಯ ಕಣ್ಣು ಪಳಗಿದೆ. ನಾನು ಇಕ್ಕಳದಲ್ಲಿ ಪಟ್ಟಿ ಹಿಡಿದಿರುತ್ತಿದ್ದೆ, ಆಕೆ ಕಂಡಿಕೆ ಬಿಟ್ಟು ಬಂದು ಪಕ್ಕದಲ್ಲಿ ನಿಂತು ಹೇಳುತ್ತಿದ್ದಳು: "ಇನ್ನೂ ಬೆಲ್ಲ... ತಡೀರಿ... ಬದನಿಕಾಯಿ... ಈಗ! ಈಗ ತಗೀರಿ!" ಗಂಡಸು ಕಂಬಾರ ಹೆಂಡತಿಯ ಕಣ್ಣಿನಿಂದ ಹದ ತೆಗೆದನೆಂದು ಮಂದಿ ಅಂದಾರು ಎಂದು ನಾನು ಯಾರಿಗೂ ಹೇಳಲಿಲ್ಲ. ಆಕೆಯೂ ಹೇಳಲಿಲ್ಲ.

ಈಗ ಕಮಾನು ಸೋತಿದ್ದರೆ ಹದ ತಪ್ಪಿರಬೇಕು. ಹದ ತಪ್ಪಿದ್ದರೆ ತಪ್ಪು ಆಕೆಯದಲ್ಲ, ಕಾಣದಿದ್ದರೂ ಕಾಣುತ್ತದೆ ಎಂದು ಕೆಲಸ ಹಿಡಿದವನದು. ಸುದ್ದಿ ಕೇಳಿದಾಗಿನಿಂದ ಆಕೆ ನನ್ನನ್ನು ಬೈದಿಲ್ಲ, ಮೈಲಾರಿ. ಇವತ್ತಿಗೆ ಮೂರು ದಿನ.

ಒಂದು ಉಪಕಾರ ಮಾಡು. ಇದರಲ್ಲಿ ಹೊಸ ಹಸಿರು ನೂಲು ಇದೆ. ಗಾಡಿ ಖಾಲಿ ಮಾಡಿ ಸಮ ನೆಲದ ಮೇಲೆ ನಿಲ್ಲಿಸಿ, ಅಚ್ಚಿನಿಂದ ತೊಟ್ಟಿಯ ತನಕ ಅಳೆದು ಗಂಟು ಹಾಕಿ ಕಳಿಸು. ಕಮಾನು ಕಟ್ಟಿದ ದಿನ ಎಷ್ಟು ಎತ್ತರ ನಿಲ್ಲಬೇಕೆಂದು ನಾನೂ ಒಂದು ನೂಲಿಗೆ ಗಂಟು ಹಾಕಿಟ್ಟಿದ್ದೇನೆ. ಹದ ಹೋಗಿದ್ದರೆ ಕಮಾನು ಕುಸಿದಿರುತ್ತದೆ, ನಿನ್ನ ನೂಲು ನನ್ನದಕ್ಕಿಂತ ಗಿಡ್ಡ ಬರುತ್ತದೆ. ಗಿಡ್ಡ ಬಂದರೆ ಕಮಾನು ವಾಪಸ್ಸು ಕಳಿಸು. ಬಿಲ್ಲೆಯ ಮೇಲಿನ ಗುರುತನ್ನು ನಾನೇ ಅರದಿಂದ ಉಜ್ಜಿ ತೆಗೆಯುತ್ತೇನೆ.

ಈ ಸಲ ಏನನ್ನೂ ಮುಚ್ಚಬೇಡ.

ದ್ಯಾವಪ್ಪ


ನರಗುಂದ
೨೭ ನವೆಂಬರ್ ೧೯೫೫

ಮಾವನವರ ಪಾದಗಳಿಗೆ ನಮಸ್ಕಾರಗಳು.

ಕಾಗದ ಓದಿದೆ. ನಿಮ್ಮ ಬಗ್ಗೆ ನನಗೆ ನಾಚಿಕೆಯೇ? ಯಾರಾದರೂ ಕೇಳಿದರೆ 'ದ್ಯಾ' ಗುರುತು ತೋರಿಸಲು ನಾನು ರಸ್ತೆಯಲ್ಲಿಯೇ ಗಾಡಿಯ ಕೆಳಗೆ ಮಲಗಿದವನು.

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ದಸರೆಯ ತನಕ ಗಾಡಿ ಚಲೋ ನಡೆಯಿತು. ಆಮೇಲೆ ದಿನದಿನಕ್ಕೆ ಕುಣಿಯತೊಡಗಿತು. ಒಂದು ತಗ್ಗು ದಾಟಿದರೆ ಮುಂದಿನ ತಗ್ಗು ಬರುವ ತನಕ ಹಿಂಭಾಗ ಏಳುತ್ತ ಬೀಳುತ್ತ ಇರುತ್ತದೆ. ಹಣ್ಣು ಬುಟ್ಟಿಯೊಳಗೇ ಹಾರಿ ಬಿದ್ದು ಜಜ್ಜುತ್ತವೆ. ಕಳೆದ ಸಲ ಎಂಟು ಬುಟ್ಟಿ ಹೋದವು. ಸಾಹುಕಾರರು ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು. "ಡಿಸೆಂಬರ್ ಹತ್ತರ ಹೇರು ನೋಡತೇನಿ, ಮೈಲಾರಿ. ಆಮ್ಯಾಲೆ ಲಾರಿಯವರಿಗೆ ಹೇಳತೇನಿ," ಎಂದರು. ನಾನು ಹುಬ್ಬಳ್ಳಿಯಲ್ಲಿ ಹಳೆಯ ಗಾಡಿಯದೊಂದು ಜೋಡಿ ಕಮಾನು ನೋಡಿಟ್ಟು ಬಂದಿದ್ದೇನೆ, ಇನ್ನೂ ತಂದಿಲ್ಲ. ಅದನ್ನು ನಿಮಗೆ ಹೇಗೆ ಬರೆಯುವುದೆಂದು ತಿಳಿಯದೆ ಬರೆಯಲಿಲ್ಲ.

ಇನ್ನೊಂದು ಸುಳ್ಳೂ ಹೇಳಿದ್ದೇನೆ. ತಾಸಿಗೆ ಇಪ್ಪತ್ತು ಮೈಲಿ ಎಂದಿದ್ದೆ. ನಲವತ್ತರಲ್ಲಿ ಓಡಿಸುತ್ತೇನೆ. ಬಹುಶಃ ಅದರಿಂದಲೇ ಕಮಾನು ಸೋತಿರಬೇಕು. ಅತ್ತಿಯವರನ್ನು ಏನೂ ಅನ್ನಬೇಡಿರಿ.

ನಿಮ್ಮ ಕಮಾನನ್ನು ನಾವು ಹಗುರ ತಿಳಿದಿಲ್ಲ ಮಾವ. ಅವ್ವ ಅದನ್ನು ಕೂಸಿಗಿಂತ ಹೆಚ್ಚು ನೋಡಿಕೊಂಡಿದ್ದಾಳೆ. ಖಂಡೇಪೂಜೆಯ ದಿನ ಒಂದು ಸೇರು ಔಡಲೆಣ್ಣೆ ತಂದು, ಕೋಳಿಯ ಪುಕ್ಕದಿಂದ ಒಂದೊಂದು ಪಟ್ಟಿಯ ಸಂದಿಗೂ ಹನಿಸಿ ಹನಿಸಿ ಕುಡಿಸಿದಳು. ಅಂದಿನಿಂದ ಒಂದು ಸೋಮವಾರವೂ ತಪ್ಪಿಸಿಲ್ಲ, ಮೊಣಕಾಲು ನೋಯುತ್ತಿದ್ದರೂ ಗಾಡಿಯ ಪಕ್ಕ ಚಾಪೆ ಹಾಸಿ ಕೂಡುತ್ತಾಳೆ. "ಚಕ್ಕಡಿ ಕೀಲಿಗೆ ಎಣ್ಣಿ ಬಿಡತೇವಿ, ನಮ್ಮಣ್ಣನ ಕಮಾನಿಗೆ ಬಿಡಬಾರದೇನು?" ಎನ್ನುತ್ತಾಳೆ.

ನೂಲಿಗೆ ಗಂಟು ಹಾಕಿದ್ದೇನೆ. ತಪ್ಪಬಾರದೆಂದು ಸುಶೀಲಾ ಎರಡನೆಯ ಸಲ ಅಳೆದಳು.

ಮೈಲಾರಪ್ಪ


ಗಜೇಂದ್ರಗಡ
೧ ಡಿಸೆಂಬರ್ ೧೯೫೫

ಮೈಲಾರಿ!

ಆಶೀರ್ವಾದ ಆಮೇಲೆ ಬರೆಯುತ್ತೇನೆ. ನಿನ್ನ ನೂಲನ್ನೂ ನನ್ನ ನೂಲನ್ನೂ ಹೊನ್ನವ್ವನ ಕೈಗೆ ಕೊಟ್ಟೆ. ಆಕೆ ಎರಡನ್ನೂ ಜೋಡಿಸಿ ಹಿಡಿದಳು. ಗಂಟಿಗೆ ಗಂಟು ಕೂಡಿತು, ಒಂದು ಕೂದಲಿನಷ್ಟೂ ಕಡಿಮೆಯಿಲ್ಲ. ಎರಡು ತಿಂಗಳು, ನಲವತ್ತು ಬುಟ್ಟಿ, ನಲವತ್ತು ಮೈಲಿ, ಆದರೂ ಹದ ಹದವಾಗಿಯೇ ಇದೆ! ಆಕೆ ನೂಲುಗಳನ್ನು ನನ್ನ ಕೈಗಿಟ್ಟು ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದಲೇ, "ಕುಲಮಿ ಕಸಾ ನಾಕ್ ದಿನಾ ಆತು, ಯಾರ್ ಬಳೀಬೇಕ್ರಿ ಅದನ್ನ?" ಎಂದು ಕೂಗಿದಳು. ನನಗೆ ಜೀವ ಬಂತು.

ನಿನ್ನ ನಲವತ್ತು ಮೈಲಿಯದು ನನಗೆ ಮೊದಲೇ ಗೊತ್ತಿತ್ತು. ಇಪ್ಪತ್ತಕ್ಕೆ ಕಮಾನು ಹಾಗೆ ಮುರಿಯುವುದಿಲ್ಲ, ಮುರಿದ ತುಂಡು ನೋಡಿದ ದಿನವೇ ನಲವತ್ತು ಎಂದು ಓದಿಕೊಂಡೆ. ಮಾಡಿದ್ದೂ ನಲವತ್ತಕ್ಕೇ.

ತಪ್ಪು ನನ್ನ ಗುಟ್ಟಿನದು. ಈಗ ಬರೆಯುತ್ತೇನೆ, ಸಾಹುಕಾರರ ಕಟ್ಟೆಯ ಮೇಲೆ ಬೇಕಾದರೆ ಡಂಗುರ ಹೊಡೆಸು. ಜಿಗಿತ ತಡೆಯುವ ಕೊಳವೆ ಇಲ್ಲವೆಂದು ನಾನು ಪಟ್ಟಿಗಳನ್ನು ಎಣ್ಣೆ ಇಲ್ಲದೆ ಒಣ ಒಣವಾಗಿಯೇ ಕಟ್ಟಿದ್ದೆ. ಗಾಡಿ ಕುಣಿಯಲು ಹೋದಾಗ ಒಂದು ಪಟ್ಟಿ ಇನ್ನೊಂದರ ಮೇಲೆ ತಿಕ್ಕುತ್ತದೆ, ಆ ತಿಕ್ಕಾಟವೇ ಕುಣಿತವನ್ನು ಹಿಡಿದು ನಿಲ್ಲಿಸುತ್ತದೆ. ಎಣ್ಣೆ ಬಿದ್ದರೆ ಜಾರುತ್ತವೆ, ಹಿಡಿಯುವವರು ಯಾರೂ ಇರುವುದಿಲ್ಲ. ಕಮಾನು ಎಣ್ಣೆ ಕುಡಿಯುವುದು ಹುಟ್ಟುವಾಗ, ಕುಲುಮೆಯಲ್ಲಿ, ಒಂದೇ ಸಲ. ಇಷ್ಟನ್ನು ಅಂದೇ ಬರೆದಿದ್ದರೆ ನಿನ್ನ ಎಂಟು ಬುಟ್ಟಿ ಉಳಿಯುತ್ತಿದ್ದವು.

ಈಗ ಮಾಡಬೇಕಾದದ್ದು ಇದು. ಬಿಲ್ಲೆ ಬಿಚ್ಚಿ ಪಟ್ಟಿಗಳನ್ನು ಬ್ಯಾರೆ ಬ್ಯಾರೆ ಮಾಡಿ ಚಿಮಣಿ ಎಣ್ಣೆಯಿಂದ ಒರೆಸು. ಆಮೇಲೆ ಕುದಿಯುವ ನೀರು, ಒಲೆಯ ಬೂದಿ ಹಾಕಿ ತಿಕ್ಕಿ ತೊಳೆ. ಎರಡು ದಿನ ಬಿಸಿಲಿಗೆ ಇಡು. ಇದ್ದ ಸಾಲಿನಲ್ಲಿಯೇ ಮತ್ತೆ ಕಟ್ಟು. ಹುಬ್ಬಳ್ಳಿಯ ಜೋಡಿ ಅಲ್ಲಿಯೇ ಇರಲಿ.

ಇದನ್ನು ತಂಗಿಗೆ ಓದಿ ಹೇಳುವಾಗ ಎಣ್ಣೆಯ ಸಾಲು ಬಿಟ್ಟುಬಿಡು. ಅದು ಅವಳ ಪ್ರೀತಿ. ಕಮಾನಿನ ತುದಿಯ ಕಣ್ಣುಗಳಲ್ಲಿ ಕೀಲು ತಿರುಗುತ್ತವಲ್ಲ, ಅಲ್ಲಿಗೆ ಎಣ್ಣೆ ಬೇಕೇ ಬೇಕು. ಇನ್ನು ಮೇಲೆ ಸೋಮವಾರದ ಎಣ್ಣೆ ಆ ನಾಲ್ಕು ಕೀಲುಗಳಿಗೆ ಮಾತ್ರ ಎಂದು ಅಣ್ಣ ಹೇಳಿದ್ದಾನೆಂದು ಹೇಳು.

ಎಲ್ಲರಿಗೂ ಆಶೀರ್ವಾದ.

ದ್ಯಾವಪ್ಪ


ನರಗುಂದ
೧೨ ಡಿಸೆಂಬರ್ ೧೯೫೫

ಮಾವನವರಿಗೂ ಅತ್ತಿಯವರಿಗೂ ಮೈಲಾರಪ್ಪನ ನಮಸ್ಕಾರಗಳು.

ಹತ್ತನೆಯ ತಾರೀಖಿನ ಹೇರು ಹುಬ್ಬಳ್ಳಿ ಮುಟ್ಟಿತು. ನಲವತ್ತು ಬುಟ್ಟಿಯಲ್ಲಿ ಜಜ್ಜಿದ ಹಣ್ಣು ಎರಡು. ಅವೂ ಹೇರುವಾಗ ಸಾಹುಕಾರರೇ ಮೆಟ್ಟಿದವು! ಈ ಸಲ ಅವರು ಮುಂದೆ ಕೂಡಲಿಲ್ಲ, ಹಿಂದೆ ಬುಟ್ಟಿಗಳ ನಡುವೆ ಕುಳಿತು ಬಂದರು. ನವಲಗುಂದ ದಾಟಿದ ಮೇಲೆ ಹಿಂದಿನಿಂದ ಸದ್ದೇ ಇಲ್ಲ. ಏನಾಯಿತೋ ಎಂದು ನಿಲ್ಲಿಸಿ ನೋಡಿದರೆ ನಿದ್ದೆ ಹೋಗಿದ್ದರು. ಸಂಕ್ರಾಂತಿಯ ತನಕ ಅಷ್ಟೇ ಅಲ್ಲ, ಬರುವ ವರ್ಷದ ಹಣ್ಣೂ ನನಗೇ ಎಂದಿದ್ದಾರೆ.

ಆ ಮಿಸ್ತ್ರಿಯೂ ಪೇಟೆಗೆ ಬಂದಿದ್ದ. ಗಾಡಿಯ ಕೆಳಗೆ ಬಗ್ಗಿ ನೋಡಿ, "ಈ 'ದ್ಯಾ' ಅನ್ನೂ ಕಂಪನಿ ಎಲ್ಲೈತೊ?" ಎಂದು ಕೇಳಿದ. "ಗಜೇಂದ್ರಗಡದಾಗ. ಕುರ್ಪಿನೂ ಬಡೀತಾರ," ಎಂದೆ.

ಅವ್ವನ ಸುದ್ದಿ ಹೇಳಬೇಕು. ನಿಮ್ಮ ಕಾಗದ ಓದುವಾಗ ಆ ಸಾಲು ಬಿಟ್ಟೆ. ಆಕೆಗೆ ಓದಲು ಬರುವುದಿಲ್ಲ, ಆದರೆ ನನ್ನ ಕಣ್ಣು ಹಾಳೆಯ ಮೇಲೆ ಜಿಗಿದದ್ದು ಕಂಡಿತು. "ಅಲ್ಲೊಂದು ಮಾತು ನುಂಗಿದಿ. ಉಗುಳು," ಎಂದಳು. ಓದಿದೆ. ಪಕ್ಕದ ಎಣ್ಣೆಯ ಬಟ್ಟಲನ್ನು ದೂರ ಸರಿಸಿದಳು. ಆಮೇಲೆ ನಗತೊಡಗಿದಳು. "ಅಂವಾ ಗುಟ್ಟು ಇಟ್ಟಾ, ನಾ ಎಣ್ಣಿ ಇಟ್ನಿ. ಅಣ್ಣ-ತಂಗಿ ಕೂಡಿ ಪೇರಲ ಜಜ್ಜಿದ್ವಿ ನೋಡು!" ಎಂದಳು. ಹದಿನೆಂಟು ಪಟ್ಟಿಗಳನ್ನೂ ತಾನೇ ಅಂಗಳದಲ್ಲಿ ಕುಳಿತು, ಹಬ್ಬದ ಕೊಡ ಬೆಳಗಿದ ಹಾಗೆ ಬೂದಿ ಹಚ್ಚಿ ತಿಕ್ಕಿದಳು. ಬಿಸಿಲಿಗೆ ಇಟ್ಟಾಗ ಬೂದಿಯೊಳಗಿಂದ ಅಲ್ಲಲ್ಲಿ ನೀಲಿ ಕಂಡಿತು. "ಇದ ಅಲ್ಲೇನು ಹೊನ್ನಕ್ಕ ನೋಡಿದ ಬಣ್ಣ?" ಎಂದು ಆಕೆಯೇ ಸುಶೀಲಾಳಿಗೆ ತೋರಿಸಿದಳು.

ಸಂಕ್ರಾಂತಿಗೆ ನಾನೇ ಗಾಡಿ ತಂದು ನಿಮ್ಮಿಬ್ಬರನ್ನೂ ಕರೆದುಕೊಂಡು ಬರುತ್ತೇನೆ. ಹಿಂದೆ ತೊಟ್ಟಿಯಲ್ಲಿ ಹುಲ್ಲು ಹಾಸಿರುತ್ತೇನೆ.

ಮೈಲಾರಪ್ಪ


ಗಜೇಂದ್ರಗಡ
೧೮ ಡಿಸೆಂಬರ್ ೧೯೫೫

ಚಿರಂಜೀವಿ ಮೈಲಾರಪ್ಪನಿಗೆ ಆಶೀರ್ವಾದ. ಬಾಳವ್ವ, ಸುಶೀಲವ್ವ, ಕೂಸು ತಿಪ್ಪವ್ವ ಎಲ್ಲರಿಗೂ ನಮ್ಮಿಬ್ಬರ ಹರಕೆ.

ನೀನು ಬರೆದದ್ದನ್ನು ಹೊನ್ನವ್ವನಿಗೆ ಎರಡು ಸಲ ಓದಿದೆ. ಮೂರನೆಯ ಸಲ ಆಕೆಯೇ ಕೇಳಿ ಓದಿಸಿಕೊಂಡಳು, ಬಣ್ಣದ ಸಾಲು ಮಾತ್ರ. ಈಗ ನಾನು ಮುಚ್ಚಿಡುವುದಿಲ್ಲ. ನಿನ್ನೆ ಮುರ್ತುಜಾಸಾಬನಿಗೂ ಹನಮಪ್ಪನಿಗೂ ಕುಲುಮೆಯಲ್ಲಿ ಎಲ್ಲರ ಮುಂದೆ ಹೇಳಿದೆ, ಹದ ನೋಡುವವಳು ಇವಳು ಎಂದು. ಮುರ್ತುಜಾಸಾಬ, "ಹಂಗಾದ್ರ ಇನ್ ಮ್ಯಾಲೆ ಕೆಲಸಾ ಕೊಡೂ ಮುಂದ ಅಕ್ಕಾರನ್ನ ಕೇಳಬೇಕಾತಲ್ಲ," ಎಂದ. "ಕೇಳ್ರಿ. ಅವರು ಬರೇ ಬಡಿಯೂ ಆಳು," ಎಂದಳು ಈಕೆ. ಅಷ್ಟು ಮಂದಿ ನನ್ನನ್ನು ನೋಡಿ ನಕ್ಕರು. ನಲವತ್ತು ವರ್ಷದಲ್ಲಿ ನನಗೆ ಅಷ್ಟು ಹೆಮ್ಮೆ ಎನಿಸಿದ್ದು ಇಲ್ಲ.

ಈ ಲಕೋಟೆ ತೂಕ ಯಾಕೆ ಎಂದು ನೀನು ಕೇಳಬಹುದು. ಒಳಗೆ ಅರಿವೆಯಲ್ಲಿ ಸುತ್ತಿ ಗುರುತು ಒತ್ತುವ ಒಂದು ಸಣ್ಣ ಅಚ್ಚು ಇಟ್ಟಿದ್ದೇನೆ, ಉಕ್ಕಿನದು, ನಿನ್ನೆಯೇ ಕೊರೆದೆ. ಅದರ ತುದಿಯಲ್ಲಿ 'ಹೊ' ಎಂಬ ಅಕ್ಷರವಿದೆ. ಬಿಲ್ಲೆಯ ಮೇಲೆ ನನ್ನ 'ದ್ಯಾ' ಇದೆಯಲ್ಲ, ಅದರ ನಂತರ ಅಲ್ಲ, ಅದಕ್ಕಿಂತ ಮೊದಲು, ಎಡಕ್ಕೆ, ಇದನ್ನು ಇಟ್ಟು ಸುತ್ತಿಗೆಯಿಂದ ಒಂದೇ ಪೆಟ್ಟು ಹಾಕು. ಎರಡೂ ಬದಿಯ ಬಿಲ್ಲೆಗೂ ಹಾಕು. ಎಚ್ಚರ, ಬಿಲ್ಲೆ ಮೆತ್ತಗಿನ ಕಬ್ಬಿಣ, ಅದಕ್ಕೆ ಮಾತ್ರ. ಪಟ್ಟಿಗೆ ತಾಗಿಸಬೇಡ, ಗಾಯವಾದ ಪಟ್ಟಿ ಅಲ್ಲಿಂದಲೇ ಮುರಿಯುತ್ತದೆ. ನೋಡಿದೆಯಾ, ಈಗ ನಾನು ಎಲ್ಲವನ್ನೂ ಬರೆಯುತ್ತೇನೆ.

ಆಕೆಗೆ ಇದು ಗೊತ್ತಿಲ್ಲ. ಸಂಕ್ರಾಂತಿಯ ತನಕ ಕಾಯಲು ನನ್ನಿಂದ ಆಗುವುದಿಲ್ಲ. ಒತ್ತಿದ ಮೇಲೆ ಆ ಗುರುತಿನ ಮೇಲೆ ಒಂದು ತೆಳು ಕಾಗದ ಹಿಡಿದು, ಸೀಸದಕಡ್ಡಿಯಿಂದ ಮೆಲ್ಲಗೆ ಉಜ್ಜು. ಎರಡೂ ಅಕ್ಷರ ಎದ್ದು ಬರುತ್ತವೆ. ಆ ಕಾಗದದ ಮೇಲೆ ಬೇರೆ ಏನನ್ನೂ ಬರೆಯಬೇಡ. ಅದನ್ನೇ ಮಡಚಿ, ಹೊನ್ನವ್ವನ ಹೆಸರಿಗೆ, ಬರುವ ಟಪಾಲಿಗೇ ಕಳಿಸು. ಟಪಾಲಿನವನ ದಾರಿ ನೋಡುತ್ತ ಕುಲುಮೆಯ ಬಾಗಿಲಲ್ಲಿ ಕುಳಿತಿರುತ್ತೇನೆ, ಲಗೂ ಕಳಿಸು.

ನಿನ್ನ ಮಾವ,
ದ್ಯಾವಪ್ಪ